ಮುಳ್ಳಮ್ಮ ಬೆಳೆದದ್ದು

ಪ್ರತಿಯೊಬ್ಬ ನೌಕರನೂ ವೈಯಕ್ತಿಕವಾಗಿಯೂ ವೃತ್ತಿಪರವಾಗಿಯೂ ಬೆಳೆಯತಕ್ಕದ್ದು ಎಂದು ತೂಕ ಮತ್ತು ಅಳತೆ ಕಚೇರಿ ವರ್ಷದ ಮೊದಲ ಕೆಲಸದ ದಿನವೇ ಆಜ್ಞೆ ಹೊರಡಿಸಿತು. ಬೆಳೆಯದವರಿಗೆ ಶಿಕ್ಷೆಯೇನೂ ಇರಲಿಲ್ಲ. ಕಚೇರಿ ಅಷ್ಟು ಕಲ್ಲೆದೆಯದಲ್ಲ. ಅಂಥವರನ್ನು ‘ಬೆಳೆಯಲು ಅನುಕೂಲವಾದ ವಾತಾವರಣಕ್ಕೆ’, ಅಂದರೆ ಒಂದು ಹಗಲು ಒಂದು ರಾತ್ರಿ ರೈಲಿನಲ್ಲಿ ಕೂತರೆ ಸಿಗುವ ಗಡಿ ಶಾಖೆಗೆ, ಕಳುಹಿಸಲಾಗುವುದು ಎಂದಷ್ಟೇ ಅದರಲ್ಲಿತ್ತು.

ಇದನ್ನೆಲ್ಲ ನೋಡಿಕೊಳ್ಳಲು ಬೆಳವಣಿಗೆ ಅಧಿಕಾರಿಯೊಬ್ಬರು ಬಂದರು. ಅವರಿಗೊಂದು ಕೋಣೆ ಬೇಕಾಯಿತು. ಆದ್ದರಿಂದ ಪರೀಕ್ಷಾ ಕೋಣೆಯಲ್ಲಿದ್ದ ಹಿತ್ತಾಳೆಯ ತೂಕದ ಕಲ್ಲುಗಳು ಮೆಟ್ಟಿಲ ಕೆಳಗೆ, ಪೊರಕೆಗಳ ಪಕ್ಕಕ್ಕೆ ಹೋದವು. ಬೆಳವಣಿಗೆಯ ಸಂಕೇತವಾಗಿ ಬಾಗಿಲಲ್ಲಿ ಒಂದು ಗಿಡ ಇಟ್ಟರು. ನೀರು ಹಾಕುವ ತಾಪತ್ರಯ ಬೇಡವೆಂದು ಪ್ಲಾಸ್ಟಿಕ್ ಗಿಡವನ್ನೇ ತರಿಸಿದ್ದರು.

ಆ ಕಚೇರಿಯ ತಕ್ಕಡಿ ಪರೀಕ್ಷಕಿಯನ್ನು ಎಲ್ಲರೂ ಮುಳ್ಳಮ್ಮ ಎಂದೇ ಕರೆಯುತ್ತಿದ್ದರು. ಅಂಗಡಿಯವರು ತಂದ ತಕ್ಕಡಿಯನ್ನು ತೂಗಿ ನೋಡುವುದು, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ವಾಪಸು ಕಳಿಸುವುದು ಅವಳ ಕೆಲಸ. ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ವಾಲಿದರೂ ಮುದ್ರೆ ಬೀಳುತ್ತಿರಲಿಲ್ಲ. ಅಂಗಡಿಯವರು ಅವಳ ಹೆಸರು ಹೇಳಿ ಹಲ್ಲು ಕಡಿಯುತ್ತಿದ್ದರು.

ಬೆಳವಣಿಗೆಯನ್ನು ಅಳೆಯುವ ಕ್ರಮ ಬಹಳ ಸರಳವಾಗಿತ್ತು. ಆರಂಭದಲ್ಲಿ ತಕ್ಕಡಿಗಳ ದೋಷ ಹಿಡಿಯುವ ಒಂದು ಪರೀಕ್ಷೆ, ಅರ್ಧ ವರ್ಷ ಕಳೆದ ಮೇಲೆ ಇನ್ನೊಂದು. ಎರಡರ ನಡುವಿನ ವ್ಯತ್ಯಾಸವೇ ಬೆಳವಣಿಗೆ. ಪಕ್ಕದ ಮೇಜಿನ ಗೊರಕೆಪ್ಪ ಮೊದಲ ಪರೀಕ್ಷೆಯಲ್ಲಿ ನಿದ್ದೆ ಹೋಗಿದ್ದ. ಎರಡನೆಯದರಲ್ಲಿ ಎದ್ದು ಕೂತು ಅರ್ಧದಷ್ಟು ತಕ್ಕಡಿಗಳನ್ನು ನೋಡಿದ. ಇಂಥ ಬೆಳವಣಿಗೆಯನ್ನು ತಾವು ಕಂಡೇ ಇಲ್ಲವೆಂದು ಅಧಿಕಾರಿ ಕಣ್ಣೊರೆಸಿಕೊಂಡರು. ಮುಳ್ಳಮ್ಮ ಎರಡೂ ಸಲ ಎಲ್ಲ ದೋಷಗಳನ್ನೂ ಹಿಡಿದಳು. ಅವಳ ಬೆಳವಣಿಗೆ ಸೊನ್ನೆ ಎಂದು ಫಲಿತಾಂಶ ಬಂತು.

ಅವಳು ಅಧಿಕಾರಿಯ ಮುಂದೆ ಹೋಗಿ ನಿಂತಳು.

“ಸಾರ್, ಎರಡು ಸಲಾನೂ ಒಂದೇ ಒಂದು ತಪ್ಪು ಮಾಡಿಲ್ಲ ನಾನು.”

“ಅದೇ ನೋಡಿ ಸಮಸ್ಯೆ. ಇದ್ದಲ್ಲೇ ಇದ್ದೀರಿ.”

“ಇದಕ್ಕಿಂತ ಮೇಲೆ ಹೋಗೋಕೆ ಜಾಗ ಎಲ್ಲಿದೆ ಸಾರ್?”

“ಮೇಲೆ ಹೋಗಿ ಅಂತ ಯಾರು ಹೇಳಿದ್ರು? ಕೆಳಗೆ ಬೇಕಾದಷ್ಟು ಜಾಗ ಇದೆಯಲ್ಲ!”

ಅಧಿಕಾರಿ ಕೆಟ್ಟವರಲ್ಲ. ನಿಯಮಗಳಲ್ಲಿ ‘ಮರು ಆರಂಭ’ ಎಂಬ ಅವಕಾಶವಿರುವುದನ್ನು ತಾವೇ ತೋರಿಸಿಕೊಟ್ಟರು. ನೌಕರರು ಹೊಸದಾಗಿ ಕೆಳಗಿನಿಂದ ಶುರು ಮಾಡಬಹುದು. ಆದರೆ ಒಂದು ದಿನ ತಪ್ಪಿದರೆ ಅದು ಆಕಸ್ಮಿಕ. ಪ್ರಾಮಾಣಿಕವಾಗಿ ಒಂದು ತಿಂಗಳಾದರೂ ತಪ್ಪಬೇಕು. ಇಲ್ಲವಾದರೆ ಗಡಿ ಶಾಖೆಯ ರೈಲು ಸೋಮವಾರ ಹೊರಡುತ್ತದೆ.

ಮುಳ್ಳಮ್ಮನ ಮನೆಯಲ್ಲಿ ಅತ್ತೆ ಸೊಂಟ ಮುರಿದುಕೊಂಡು ಮಲಗಿದ್ದಳು. ಸೊಸೆ ಎತ್ತಿ ಕೂರಿಸದೆ ಅವಳಿಗೆ ಬೆಳಗಾಗುತ್ತಿರಲಿಲ್ಲ.

“ನೀನು ಹೋದ್ರೆ ನನ್ನ ಎಬ್ಬಿಸೋರು ಯಾರೇ? ನನ್ನ ಮಗನಾ? ಅವನನ್ನ ಎಬ್ಬಿಸೋಕೇ ಇಬ್ಬರು ಬೇಕು.”

“ಹಾಗಂತ ತಪ್ಪು ತಕ್ಕಡಿಗೆ ಮುದ್ರೆ ಒತ್ತಲಾ ಅತ್ತೆ?”

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. “ನಾನೇನೂ ಹೇಳಲಿಲ್ಲಪ್ಪ. ಸ್ವಲ್ಪ ಆ ದಿಂಬು ಸರಿ ಮಾಡು.”

ದಿಂಬು ಸರಿ ಮಾಡುವಾಗ ಮುಳ್ಳಮ್ಮನಿಗೆ ಅಳು ಬಂತು. ಮಾರನೆಯ ದಿನ ಕಿರಾಣಿ ಅಂಗಡಿಯೊಂದರ ತಕ್ಕಡಿ ಬಂತು. ಮುಳ್ಳು ನಾಚಿಕೆಯಿಲ್ಲದೆ ಒಂದು ಕಡೆಗೆ ವಾಲಿತ್ತು. ಅವಳು ಕಣ್ಣನ್ನು ಬೇರೆ ಕಡೆ ತಿರುಗಿಸಿದಳು. “ಸರಿಯಾಗಿದೆ” ಎಂದು ಹೇಳಿ ಮುದ್ರೆ ಒತ್ತಿದಳು. ಮೊದಲನೆಯದು ಕಷ್ಟವಾಯಿತು, ಎರಡನೆಯದು ಅಷ್ಟಾಗಲಿಲ್ಲ. ವಾರ ಕಳೆಯುವ ಹೊತ್ತಿಗೆ ಅಧಿಕಾರಿ ಬಂದು ಅವಳ ಕೈ ಕುಲುಕಿ, “ಅದ್ಭುತ! ಎಷ್ಟು ಬೇಗ ತಳ ಮುಟ್ಟಿದ್ರಿ!” ಎಂದು ಮೆಚ್ಚಿಕೊಂಡರು.

ಗಾಳಿ ಬಂದಾಗ ತೂರಿಕೊಳ್ಳಬೇಕೆಂದು ಅಂಗಡಿಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹತ್ತು ವರ್ಷದಿಂದ ಕಚೇರಿಯ ಮುಖ ನೋಡದವರೂ ತಕ್ಕಡಿ ಹೊತ್ತು ಬಂದರು. ಸಾಲು ಬೀದಿಯ ತಿರುವು ದಾಟಿತು. ಕಚೇರಿ ಜವಾಬ್ದಾರಿ ಮರೆಯದೆ ಗೋಡೆಗೆ ಹೀಗೊಂದು ಪ್ರಕಟಣೆ ಅಂಟಿಸಿತು: ‘ಪರೀಕ್ಷಕಿಯವರು ಬೆಳೆಯುವ ಮುನ್ನವೇ ತಕ್ಕಡಿ ಪರೀಕ್ಷಿಸಿಕೊಳ್ಳಲು ಇಚ್ಛಿಸುವ ಸಾರ್ವಜನಿಕರು ದುಪ್ಪಟ್ಟು ಶುಲ್ಕ ಪಾವತಿಸತಕ್ಕದ್ದು. ನೂಕುನುಗ್ಗಲು ನಿಷಿದ್ಧ.’

ತಿಂಗಳು ಮುಗಿದ ಮೇಲೆ ಮುಳ್ಳಮ್ಮನನ್ನು ತರಬೇತಿಗೆ ಹಾಕಿದರು. ತರಬೇತುದಾರ ಗೊರಕೆಪ್ಪ. ಬೆಳೆದ ಅನುಭವ ಇದ್ದವನು ಕಚೇರಿಯಲ್ಲಿ ಅವನೊಬ್ಬನೇ.

“ನೋಡಿ ಅಕ್ಕಾ, ಮುಳ್ಳು ನಡುವೆ ನಿಂತ್ರೆ ಸರಿ. ಪಕ್ಕಕ್ಕೆ ಹೋದ್ರೆ ತಪ್ಪು.”

“ಇದನ್ನ ನಿನಗೆ ಹೇಳಿಕೊಟ್ಟಿದ್ದೇ ನಾನಲ್ಲೇನೋ?”

“ಹಳೇದನ್ನೆಲ್ಲ ಮರೀಬೇಕು ಅಕ್ಕಾ. ಆಗಲೇ ಬೆಳೆಯೋದು.” ಹೀಗೆ ಹೇಳಿ ಅವನು ಆಕಳಿಸಿದ. ಅಂದಿನ ತರಬೇತಿ ಅಲ್ಲಿಗೆ ಮುಗಿಯಿತು.

ವರ್ಷದ ಕೊನೆಯ ಪರೀಕ್ಷೆಯಲ್ಲಿ ಮುಳ್ಳಮ್ಮ ಮತ್ತೆ ಎಲ್ಲ ದೋಷಗಳನ್ನೂ ಹಿಡಿದಳು. ಕಚೇರಿಯ ಇತಿಹಾಸದಲ್ಲೇ ಅಷ್ಟು ದೊಡ್ಡ ಬೆಳವಣಿಗೆ ದಾಖಲಾಗಿರಲಿಲ್ಲ. ವರ್ಗಾವಣೆ ರದ್ದಾಯಿತು. ಕಿರಾಣಿ ವರ್ತಕರ ಸಂಘ ಸ್ವಂತ ಖರ್ಚಿನಲ್ಲಿ ಸಭೆ ಏರ್ಪಡಿಸಿ ಅವಳಿಗೆ ಶಾಲು ಹೊದಿಸಿತು. ಹಿಂದೆ ಹಲ್ಲು ಕಡಿಯುತ್ತಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಭೆ ಮುಗಿದ ಮೇಲೆ ಅವಳು ಅಧಿಕಾರಿಯನ್ನು ಪಕ್ಕಕ್ಕೆ ಕರೆದಳು.

“ಸಾರ್, ಆ ಒಂದು ತಿಂಗಳು ಮುದ್ರೆ ಒತ್ತಿದ ತಕ್ಕಡಿಗಳನ್ನ ವಾಪಸು ತರಿಸಿಬಿಡೋಣ. ನನಗೆ ನಿದ್ದೆ ಬರ್ತಿಲ್ಲ.”

ಅಧಿಕಾರಿ ಗಾಬರಿಯಾದರು. “ಛೆ ಛೆ! ಅವು ನಿಮ್ಮ ಬೆಳವಣಿಗೆಗೆ ಇರೋ ಪುರಾವೆ. ಪುರಾವೆ ನಾಶ ಮಾಡೋದು ಅಪರಾಧ ಅಲ್ವಾ? ಅಂದಹಾಗೆ, ಮುಂದಿನ ತಿಂಗಳು ನಿಮ್ಮ ಮರು ಆರಂಭ. ಬರೋ ವರ್ಷಾನೂ ಬೆಳೀಬೇಕಲ್ಲ.”

ಮುಂದಿನ ತಿಂಗಳು ಅವಳು ಮತ್ತೆ ತಳ ಮುಟ್ಟಿದಳು. ಈ ಸಲ ಮೂರೇ ದಿನ ಸಾಕಾಯಿತು. ಕಣ್ಣು ತಿರುಗಿಸಲೂ ಇಲ್ಲ.

ಒಂದು ಸಂಜೆ ಅವಳು ತಂದ ಸಕ್ಕರೆ ಪೊಟ್ಟಣವನ್ನು ಅತ್ತೆ ಮಲಗಿದ್ದಲ್ಲೇ ಕೈಯಲ್ಲಿ ತೂಗಿ ನೋಡಿದಳು. “ಇದು ಒಂದು ಕಿಲೋನಾ? ಯಾರೇ ಕೊಟ್ಟಿದ್ದು ನಿನಗೆ ಟೋಪಿ ಹಾಕಿ?”

ಮುಳ್ಳಮ್ಮ ಪೊಟ್ಟಣ ಹಿಡಿದು ಅಂಗಡಿಗೆ ಧಾವಿಸಿದಳು. ಅಂಗಡಿಯವನು ತಕ್ಕಡಿ ತಿರುಗಿಸಿ, “ನಿಮ್ಮದೇ ಮುದ್ರೆ ಮೇಡಂ” ಎಂದು ವಿನಯದಿಂದ ತೋರಿಸಿದ. ಅವಳು ತಾರೀಖು ನೋಡಿದಳು.

“ಇದು ಹೋದ ತಿಂಗಳದ್ದು. ಆಗ ನಾನಿನ್ನೂ ಬೆಳೆದಿರಲಿಲ್ಲ.”

“ಈಗ ಬೆಳೀತಿದ್ದೀರಲ್ಲ, ಅಷ್ಟೇ ಸಾಕು ಮೇಡಂ. ನಮಗೂ ಸಂತೋಷ.”

ಅವಳ ಪಕ್ಕದಲ್ಲಿ ನಿಂತವರೆಲ್ಲ ಕಿಲೋ ಬೇಕಾದರೆ ಕಿಲೋ ಕೇಳುತ್ತಿರಲಿಲ್ಲ, ಹೆಚ್ಚಿಗೆ ಕೇಳಿ ಹೆಚ್ಚಿನ ದುಡ್ಡನ್ನೇ ಎಣಿಸುತ್ತಿದ್ದರು. ಯಾರ ಮುಖದಲ್ಲೂ ಬೇಸರವಿರಲಿಲ್ಲ. ಸಾರ್ವಜನಿಕರೂ ಗಣನೀಯವಾಗಿ ಬೆಳೆದಿದ್ದಾರೆಂದು ಕಚೇರಿ ಆಗಲೇ ವಾರ್ಷಿಕ ವರದಿಯಲ್ಲಿ ಹೇಳಿಕೊಂಡಿತ್ತು. ಮುಳ್ಳಮ್ಮ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡಳು.

“ಸರಿ, ನಾಳೆಯಿಂದ ಒಂದೂಕಾಲು ಕಿಲೋ ಕೊಡಪ್ಪ.”

ಹಿಂದೆ ನಿಂತಿದ್ದ ಹೆಂಗಸು ಕನಿಕರದಿಂದ ಅವಳ ಭುಜ ಮುಟ್ಟಿದಳು. “ಒಂದೂಕಾಲು ಹೋದ ವರ್ಷದ್ದು ಅಕ್ಕಾ. ಈಗ ಒಂದೂವರೆ ಕೇಳ್ಬೇಕು. ಅಂಗಡಿಯವರೂ ಬೆಳೀತಾರಲ್ಲ.”