ಕ್ಲಚ್ ಮೇಷ್ಟ್ರ ಕ್ಲೋರಿನ್ನು

"ಊರಿನವರಿಗೆಲ್ಲ ವೃತ್ತದಲ್ಲಿ ಗಾಡಿ ತಿರುಗಿಸೋದು ಕಲಿಸಿದವನು ನಾನು. ಎಲೆಕ್ಟ್ರಾನ್ ತಿರುಗಿಸೋದು ಯಾವ ಮಹಾ? ಮಗಳನ್ನ ನನಗೆ ಬಿಡು," ಎಂದು ಭಾನುವಾರ ಮಧ್ಯಾಹ್ನ ಕ್ಲಚ್ ಮೇಷ್ಟ್ರು ಹೆಂಡತಿಯ ಮುಂದೆ ಘೋಷಿಸಿದರು. ಡ್ರೈವಿಂಗ್ ಶಾಲೆಯಲ್ಲಿ ದಿನವಿಡೀ "ಕ್ಲಚ್, ಕ್ಲಚ್" ಎಂದು ಅರಚಿ ಅರಚಿ ಅವರಿಗೆ ಆ ಹೆಸರು ಬಂದಿತ್ತು. ಮರುದಿನ ಮಗಳಿಗೆ ರಸಾಯನಶಾಸ್ತ್ರದ ಪರೀಕ್ಷೆ.

ಹೆಂಡತಿ ಟೈಲರ್. ಮುಂದಿನ ಕೋಣೆಯೇ ಅವಳ ಅಂಗಡಿ. "ಕಲಿಸಿ, ಯಾರು ಬೇಡ ಅಂದ್ರು. ಆದ್ರೆ ಸಂಜೆ ಹೆಡ್ ನರ್ಸ್ ಬಂದು ಬಿಳಿ ಕೋಟುಗಳನ್ನ ತಗೊಂಡು ಹೋಗ್ತಾರೆ. ಅವುಗಳ ಹತ್ತಿರ ಸುಳೀಬೇಡಿ," ಎಂದು ಎಚ್ಚರಿಸಿ ಅವಳು ತಂಗಿಯ ಮನೆಗೆ ಹೊರಟಳು. ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ಪರಮಾಣುವನ್ನೇ ಕಟ್ಟಿ ನಿಲ್ಲಿಸಿ ಬೆರಗುಗೊಳಿಸಬೇಕೆಂದು ಮೇಷ್ಟ್ರು ಪುಸ್ತಕ ಬಿಡಿಸಿದರು.

ಕ್ಲೋರಿನ್. ಪರಮಾಣು ಸಂಖ್ಯೆ ಹದಿನೇಳು. ಅಂದರೆ ಪ್ರೋಟಾನು ಹದಿನೇಳು, ಸುತ್ತ ತಿರುಗುವ ಎಲೆಕ್ಟ್ರಾನೂ ಹದಿನೇಳು. ಐಸೊಟೋಪು ಎರಡು: ಕ್ಲೋರಿನ್-35, ಕ್ಲೋರಿನ್-37. ಅಷ್ಟು ಓದಿ ಪುಸ್ತಕ ಮುಚ್ಚಿಬಿಟ್ಟರು. ಮೂವತ್ತೈದು, ಮೂವತ್ತೇಳು ಎಂದರೆ ನ್ಯೂಟ್ರಾನಲ್ಲದೆ ಇನ್ನೇನು?

ಎರಡು ರಟ್ಟು ಬಂದವು. ಹೆಂಡತಿಯ ಡಬ್ಬಿಯ ಕೆಂಪು ಗುಂಡಿಗಳು ಪ್ರೋಟಾನಾದವು, ಗುಂಡುಪಿನ್ನುಗಳು ಎಲೆಕ್ಟ್ರಾನಾದವು, ಬಿಳಿ ಗುಂಡಿಗಳು ನ್ಯೂಟ್ರಾನಾದವು. ಮುರಿದ ಕುರ್ಚಿಯನ್ನೂ ಕೂಡಿಸುವ ಅಂಟಿನಿಂದ ಮೇಷ್ಟ್ರು ಒಂದೊಂದನ್ನೇ ಒತ್ತಿದರು. ಮೊದಲ ರಟ್ಟು ತುಂಬಿತು. ಎರಡನೆಯದರಲ್ಲಿ ಮೂರು ನ್ಯೂಟ್ರಾನು ಅಂಟಿಸುವಷ್ಟರಲ್ಲಿ ಡಬ್ಬಿ ಖಾಲಿ.

ಗೂಟದಲ್ಲಿ ಕೋಟುಗಳು ತೂಗುತ್ತಿದ್ದವು. ಅವುಗಳ ಎದೆಯುದ್ದಕ್ಕೂ ಸಾಲುಸಾಲು ನ್ಯೂಟ್ರಾನು. ಆಮೇಲೆ ಕಿತ್ತು ವಾಪಸ್ ಹೊಲಿದರಾಯಿತು ಎಂದುಕೊಂಡು ಮೇಷ್ಟ್ರು ಬ್ಲೇಡು ತೆಗೆದರು.

ಮಗಳು ಬಂದು ರಟ್ಟುಗಳನ್ನು ನೋಡಿದಳು. ಬೆರಳಿಟ್ಟು ಬಿಳಿ ಗುಂಡಿಗಳನ್ನು ಎಣಿಸಿದಳು.

"ಅಪ್ಪ, ಮೂವತ್ತೈದು ಅನ್ನೋದು ಒಟ್ಟು ಲೆಕ್ಕ. ಪ್ರೋಟಾನೂ ಅದರೊಳಗೇ ಸೇರಿದೆ. ಹದಿನೇಳು ಕಳೆದ್ರೆ ನ್ಯೂಟ್ರಾನು ಹದಿನೆಂಟೇ. ಇನ್ನೊಂದರಲ್ಲಿ ಇಪ್ಪತ್ತು."

"ಹಾಗಾದ್ರೆ ನಾನು ಅಂಟಿಸಿದ್ದು?"

"ಮೂವತ್ತನಾಲ್ಕು ಜಾಸ್ತಿ."

ಅಷ್ಟರಲ್ಲಿ ಬಾಗಿಲಲ್ಲೇ ಮಗಳ ಲೆಕ್ಕ ಕೇಳಿಸಿಕೊಂಡು ಹೆಂಡತಿ ಒಳಗೆ ಬಂದಳು. ಬೋಳು ಕೋಟುಗಳನ್ನು ಕಂಡಳು, ರಟ್ಟನ್ನು ಕಂಡಳು, ಕೊನೆಗೆ ಗಂಡನನ್ನು ಕಂಡಳು.

"ರೀ, ಡಬ್ಬಿಯಲ್ಲಿ ಬಿಳಿ ಗುಂಡಿ ಮೂವತ್ತೆಂಟು ಇದ್ವು. ಹದಿನೆಂಟೂ ಇಪ್ಪತ್ತೂ ಎಷ್ಟಾಯ್ತು?"

ಮೇಷ್ಟ್ರು ಲೆಕ್ಕ ಹಾಕಿದರು. ಮೂವತ್ತೆಂಟೇ ಆಗಿತ್ತು. ಕೋಟು ಮುಟ್ಟಬೇಕಾಗಿಯೇ ಇರಲಿಲ್ಲ. ತಾವು ತೋಡಿದ ಗುಂಡಿಗೆ ತಾವೇ ಬೀಳುವವರ ಬಗ್ಗೆ ಕೇಳಿದ್ದೇವೆ, ಗುಂಡಿ ಕಿತ್ತು ಗುಂಡಿಗೆ ಬಿದ್ದವರು ಇವರೊಬ್ಬರೇ.

ಕೀಳಲು ಹೋದರೆ ಗುಂಡಿಗಳು ಅರ್ಧರ್ಧ ಮುರಿದು ಬಂದವು. ಎಲೆಕ್ಟ್ರಾನುಗಳು ಬೆರಳಿಗೆ ಚುಚ್ಚಿದವು. ಭಾನುವಾರ, ಅಂಗಡಿಗಳೆಲ್ಲ ಮುಚ್ಚಿದ್ದವು. ಹೆಡ್ ನರ್ಸ್ ಆಗಲೇ ಬೀದಿಯ ತುದಿಯಲ್ಲಿ ಸ್ಕೂಟರ್ ನಿಲ್ಲಿಸಿ ಯಾರೊಂದಿಗೋ ಮಾತಾಡುತ್ತಿದ್ದರು.

ಹೆಂಡತಿ ಬೀರು ತೆರೆದಳು. ಮೇಷ್ಟ್ರ ಬಿಳಿ ಸಮವಸ್ತ್ರದ ಅಂಗಿಗಳು ಮಡಿಸಿಟ್ಟಂತೆಯೇ ಇದ್ದವು. ಅವಳ ಕತ್ತರಿ ಕಚಕಚ ಎಂದಿತು. ಹೆಡ್ ನರ್ಸ್ ಎರಡು ಲೋಟ ಚಹಾ ಕುಡಿದು, ಮಗಳ ಓದು ವಿಚಾರಿಸಿ ಮುಗಿಸುವಷ್ಟರಲ್ಲಿ ಕೋಟುಗಳು ಸಿದ್ಧವಾದವು.

ಸೋಮವಾರ ಮೇಷ್ಟ್ರು ಅಂಗಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಗೇರು ಹಾಕಿ ತೋರಿಸಿದರು. ಕೈ ಬಿಟ್ಟಾಗಲೆಲ್ಲ ಗುಂಡಿಯಿಲ್ಲದ ಅಂಗಿಯೊಳಗಿಂದ ಗುಂಡಿಗೆಯೇ ಕಾಣುತ್ತಿತ್ತು. ಕಲಿಯಲು ಬಂದವರು ಕ್ಲಚ್ಚು ಬಿಟ್ಟು ಅದನ್ನೇ ನೋಡುತ್ತಿದ್ದರು.

ಸಂಜೆ ಮಗಳು ಕುಣಿಯುತ್ತ ಬಂದಳು. "ಅಪ್ಪ, ಪರೀಕ್ಷೆಯಲ್ಲಿ ಕ್ಲೋರಿನ್ನೇ ಬಂದಿತ್ತು. ಎಲ್ಲರಿಗಿಂತ ಮೊದಲು ಬರೆದು ಮುಗಿಸಿದೆ. ಎಲ್ಲಾ ಸರಿ."

ಮೇಷ್ಟ್ರ ಮುಖ ಅರಳಿತು. ಅಡುಗೆಮನೆಗೆ ಕೇಳಿಸುವಂತೆ, "ನೋಡಿದ್ಯಾ? ನಾನು ಹೇಳಿಕೊಟ್ಟಿದ್ದು ಉಪಯೋಗಕ್ಕೆ ಬಂತಲ್ಲ," ಎಂದರು.

"ಹೂಂ ಅಪ್ಪ, ತುಂಬಾ. ನೀನು ಹೇಳಿದ ಉತ್ತರದಲ್ಲಿ ಹದಿನೇಳು ಕಳೆದು ಬರೆದೆ."