ಮನೆ ಎದ್ದ ಶುಕ್ರವಾರ

ಅತ್ತೆಯ ಹಿತ್ತಿಲಲ್ಲಿ ಮನೆ ಕಟ್ಟಿಕೊಂಡ ಗಂಡಸಿಗೆ ಗುಟ್ಟು ಎಂಬುದೇ ಇರುವುದಿಲ್ಲ. ಮಕ್ಕುಲಾವ್ ಮೇಷ್ಟ್ರು ತಮ್ಮ ಮನೆಯಲ್ಲಿ ಕೆಮ್ಮಿದರೆ, ಕೋಳಿಗೂಡಿನ ಆಚೆಯ ಮನೆಯಿಂದ ಅತ್ತೆ ಇಂದೋ ಬೆಚ್ಚೆ ಶುಂಠಿ ಜಜ್ಜುವ ಸದ್ದು ಕೇಳಿಸುತ್ತಿತ್ತು. ಹೆಂಡತಿ ರೊಸ್ತಿನಾಳ ಜೊತೆ ಪಿಸುದನಿಯಲ್ಲಿ ಜಗಳ ಆರಂಭಿಸಿದರೂ ಅತ್ತೆ ಅಲ್ಲಿಂದಲೇ ತೀರ್ಪು ಕೊಟ್ಟುಬಿಡುತ್ತಿದ್ದರು. (ಯಾರ ಪರ ಎಂದು ಬೇರೆ ಹೇಳಬೇಕೆ?) ಹಾಗಾಗಿ ಊರಿನ ಇನ್ನೊಂದು ತುದಿಯಲ್ಲಿ, ಶಾಲೆಯ ಪಕ್ಕದಲ್ಲಿ ಒಂದು ಜಾಗ ಸಿಕ್ಕಿದಾಗ ಮೇಷ್ಟ್ರಿಗೆ ಸ್ವರ್ಗ ಮೂರೇ ಗೇಣು ಅನ್ನಿಸಿತು.

ಹೊಸ ಮನೆ ಕಟ್ಟುವ ಪ್ರಶ್ನೆಯೇ ಇರಲಿಲ್ಲ. ಸುಲಾವೆಸಿ ದ್ವೀಪದ ಬುಗಿಸ್ ಜನರ ಊರುಗಳಲ್ಲಿ ಮನೆ ನಿಲ್ಲುವುದು ಮರದ ಕಂಬಗಳ ಮೇಲೆ. ಜಾಗ ಬದಲಿಸಬೇಕೆಂದರೆ ಗಂಡಸರೆಲ್ಲ ಶುಕ್ರವಾರದ ನಮಾಜು ಮುಗಿಸಿ ಬಂದು, ಮನೆಯ ಕೆಳಗೆ ಬಿದಿರು ಕಟ್ಟಿ, ಹೆಗಲು ಕೊಟ್ಟು ಮನೆಯನ್ನೇ ಎತ್ತಿಕೊಂಡು ಹೋಗುತ್ತಾರೆ. ಮನೆಯವರು ಊಟ ಹಾಕಿದರೆ ಸಾಕು.

ವಿಷಯ ತಿಳಿದ ಅತ್ತೆ ಅಳಲಿಲ್ಲ, ಕೂಗಾಡಲಿಲ್ಲ. ಮೇಷ್ಟ್ರಿಗೆ ಮೊದಲು ಭಯವಾದದ್ದೇ ಅದಕ್ಕೆ.

"ಹೋಗಿ, ಬೇಡ ಅಂದೋರು ಯಾರು?" ಎಂದರು ಇಂದೋ ಬೆಚ್ಚೆ, ಬಾಳೆಹಣ್ಣು ಸುಲಿಯುತ್ತ. "ಆದ್ರೆ ಮನೆ ಏಳೋವಾಗ ಯಜಮಾನ ಒಳಗಿರ್ಬೇಕು. ಹೊಕ್ಕುಳ ಕಂಬ ಹಿಡ್ಕೊಂಡು ಕೂತಿರ್ಬೇಕು. ನಮ್ಮನೆ ಪದ್ಧತಿ. ನಿಮ್ಮ ಮಾವನೂ ಕೂತಿದ್ರು."

ಹೊಕ್ಕುಳ ಕಂಬವೆಂದರೆ ಮನೆಯ ಜೀವ ಇರುವ ನಡುಗಂಬ. ಮೇಷ್ಟ್ರ ಜೀವ ಮಾತ್ರ ಆಗಲೇ ಬಾಯಿಗೆ ಬಂದಿತ್ತು. ತೆಂಗಿನ ಮರವನ್ನು ನೆಲದಲ್ಲಿ ನಿಂತು ನೋಡಿದರೂ ಅವರಿಗೆ ತಲೆ ತಿರುಗುತ್ತಿತ್ತು.

"ನಾನು ಕೆಳಗಡೆ ಹೆಗಲು ಕೊಡ್ತೀನಲ್ಲ, ಅತ್ತೆ?"

"ಯಾವ ಹೆಗಲು? ಟವಲ್ ಹಾಕಿದ್ರೂ ಜಾರಿ ಬೀಳತ್ತಲ್ಲ, ಅದಾ?"

ಮೇಷ್ಟ್ರು ಶಾಲೆಯಲ್ಲಿ ವಿಜ್ಞಾನ ಹೇಳುವವರು. ಚಲನೆಯ ನಿಯಮಗಳನ್ನು ಎಷ್ಟೋ ತಲೆಮಾರಿನ ಮಕ್ಕಳಿಗೆ ಉರು ಹೊಡೆಸಿದ್ದರು. ಆ ನಿಯಮಗಳು ತಮ್ಮ ಮೈಮೇಲೇ ಬರುತ್ತವೆ ಎಂದು ಯಾವತ್ತೂ ಅಂದುಕೊಂಡಿರಲಿಲ್ಲ. ಶುಕ್ರವಾರ ಬೆಳಗ್ಗೆ ಪಾತ್ರೆಗಳನ್ನು ಬುಟ್ಟಿಗೆ ತುಂಬುತ್ತಿದ್ದ ರೊಸ್ತಿನಾ ಗಂಡನ ಮುಖ ನೋಡಿ ಕೈ ನಿಲ್ಲಿಸಿದಳು.

"ಯಾಕ್ರೀ ಹೀಗೆ ಬೆವರ್ತಿದೀರಿ?"

"ರೊಸ್ತಿನಾ, ಜಡತ್ವ ಅಂದ್ರೆ ಗೊತ್ತಾ ನಿಂಗೆ?"

"ಗೊತ್ತಿಲ್ದೆ ಏನು? ಮದುವೆ ಆದಾಗಿಂದ ನೋಡ್ತಿದೀನಿ. ರಜಾ ದಿನ ಸ್ವಲ್ಪ ಜಾಸ್ತಿ ಕಾಣ್ಸತ್ತೆ."

"ತಮಾಷೆ ಅಲ್ಲ ಕಣೆ! ಮನೆ ತಟಕ್ಕನೆ ಮುಂದೆ ಹೋದ್ರೆ ನಾನು ಇದ್ದಲ್ಲೇ ಇರ್ತೀನಿ. ಹಿಂದಿನ ಗೋಡೆ ಬಂದು ಬೆನ್ನಿಗೆ ಬಡಿಯತ್ತೆ. ಮನೆ ತಟಕ್ಕನೆ ನಿಂತ್ರೆ ನಾನು ನಿಲ್ಲಲ್ಲ. ಕಿಟಕಿಯಿಂದಾಚೆ ಹೋಗ್ತಾನೇ ಇರ್ತೀನಿ."

"ಎಲ್ಲೀವರೆಗೆ?"

"ಹೊರಗಿನ ಬಲ ಯಾವುದಾದ್ರೂ ತಡೆಯೋವರೆಗೆ!"

"ಅಮ್ಮ ಹೊರಗಡೇನೇ ಇರ್ತಾಳೆ ಬಿಡಿ."

ನಮಾಜು ಮುಗಿಯಿತು. ಗಂಡಸರು ನಗುತ್ತ, ಲುಂಗಿ ಬಿಗಿದು, ಕಂಬಗಳ ಸುತ್ತ ಬಂದು ನಿಂತರು. ಗೃಹೋತ್ಥಾಪನ ಮಹಾಕಾರ್ಯದ ದಳಪತಿ ದಲ್ಲೆ ಅಜ್ಜ ಕೈಯಲ್ಲಿ ಧ್ವನಿವರ್ಧಕ ಹಿಡಿದು, ಏಣಿಯ ಬುಡದಿಂದ ಕತ್ತೆತ್ತಿದರು.

"ಮೇಷ್ಟ್ರೇ, ಒಳಗಿರೋ ಯಜಮಾನಂದೇ ಮಾತು. ನೀವು ಇಳಿಸಿ ಅಂದ್ರೆ ಇಳಿಸ್ತೀವಿ. ಇಳಿಸಿದ ಮನೇನ ಮಾತ್ರ ಅವತ್ತು ಮತ್ತೆ ಮುಟ್ಟಲ್ಲ, ಒಳ್ಳೇದಲ್ಲ. ಶಾಲೆ ಹತ್ರ ತಲುಪೋವರೆಗೂ ಬಾಯಿ ಮುಚ್ಕೊಂಡಿರಿ, ಆಯ್ತಾ?"

ಮೇಷ್ಟ್ರು ಹೊಕ್ಕುಳ ಕಂಬವನ್ನು ಕೈಕಾಲು ಎರಡರಲ್ಲೂ ತಬ್ಬಿಕೊಂಡು ತಲೆಯಾಡಿಸಿದರು. (ಹೆಂಡತಿಯನ್ನೂ ಅವರು ಅಷ್ಟು ಗಟ್ಟಿಯಾಗಿ ತಬ್ಬಿದ್ದಿಲ್ಲ. ಏಣಿ ಇಳಿಯುವ ಮುನ್ನ ಬಾಗಿಲಲ್ಲಿ ನಿಂತು ನೋಡಿದ ರೊಸ್ತಿನಾಳ ಮುಖದಲ್ಲಿ ಅದು ಬರೆದಿತ್ತು.)

"ಬಿಸ್ಮಿಲ್ಲಾ!" ಎಂದು ಊರಿಗೆ ಊರೇ ಕೂಗಿತು.

ಮನೆ ಏಳಲಿಲ್ಲ. ಬರೀ ನರಳಿತು. ಸ್ಥಿರವಾದ ವಸ್ತು ಸ್ಥಿರವಾಗಿಯೇ ಇರಬಯಸುತ್ತದೆ ಎಂದು ಮೇಷ್ಟ್ರಿಗೆ ಒಂದು ಗಳಿಗೆ ಸಮಾಧಾನವಾಯಿತು. ಮರುಗಳಿಗೆಯಲ್ಲೇ ನೆಲ ಅವರನ್ನು ಕೆಳಗಿನಿಂದ ಒದ್ದಿತು. ಹಲಗೆಗಳ ಸಂದಿಯಲ್ಲಿ ಇಣುಕಿದರೆ ಕೆಳಗೆ ಬರೀ ತಲೆಗಳು. ಎಲ್ಲ ತಲೆಗಳೂ ನಡೆಯುತ್ತಿದ್ದವು. ಅದರಲ್ಲಿ ಅರ್ಧ ಅವರೇ ಫೇಲು ಮಾಡಿದ ಹುಡುಗರದು ಎಂದು ಹೊಳೆದಾಗ ಕಂಬವನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡರು.

ಕೋಳಿಗೂಡು ದಾಟಿತು. ರಸ್ತೆಗೆ ಹೋಗಲು ಅತ್ತೆಯ ಮನೆಯ ಪಕ್ಕದ ಓಣಿಯೊಂದೇ ದಾರಿ. ಅದು ಇಳಿಜಾರು, ನಡುವೆ ಒಂದು ಮೋರಿ. ಮುಂದಿನ ಸಾಲಿನವರು ಮೋರಿಗೆ ಕಾಲಿಟ್ಟರು. ಮನೆಯ ಮೂತಿ ಕೆಳಗಾಯಿತು.

ಆಗ ಮೇಷ್ಟ್ರ ಬೆನ್ನ ಹಿಂದೆ 'ಕಿರ್ರ್' ಎಂಬ ಸದ್ದು ಬಂತು. ತಿರುಗಿ ನೋಡಿದರೆ, ರೊಸ್ತಿನಾಳ ಮದುವೆಯ ಬೀರು ಕಟ್ಟಿದ ಹಗ್ಗ ಸಡಿಲಿಸಿಕೊಂಡು ತಾನಾಗಿಯೇ ಹೊರಟಿತ್ತು. ತೇಗದ ಬೀರು, ಒಳಗೆ ರೇಷ್ಮೆ ಲುಂಗಿ, ಹಿತ್ತಾಳೆ ತಟ್ಟೆ ಎಲ್ಲ ಇದ್ದವು. (ಖಾಲಿ ಮಾಡಿಡಿ ಎಂದು ರೊಸ್ತಿನಾ ಹೇಳಿದ್ದಳು, ಮಾಡಿದ್ದೇನೆ ಎಂದು ಮೇಷ್ಟ್ರು ಹೇಳಿದ್ದರು.) ಬಲವೆಂದರೆ ರಾಶಿಯನ್ನು ವೇಗೋತ್ಕರ್ಷದಿಂದ ಗುಣಿಸಿದಷ್ಟು. ಗುಣಿಸುವ ಧೈರ್ಯ ಅವರಿಗೆ ಬರಲಿಲ್ಲ. ತಾವು ಸತ್ತೆವೆಂದೇ ಅವರು ನಂಬಿದರು.

"ಇಳಿಸೀ! ಅಯ್ಯೋ, ಇಳಿಸ್ರೋ! ಇಳಿಸ್ರಪ್ಪಾ!"

ಮನೆ ನಿಂತಿತು. ಬೀರು ಇನ್ನೂ ಒಂದು ಗೇಣು ಬಂದು, ಮೇಷ್ಟ್ರ ಬೆನ್ನಿಗೆ ಮೆಲ್ಲಗೆ ತಾಗಿ, ತಾನೂ ನಿಂತಿತು. ಕೆಳಗಿನಿಂದ ಉಸ್ಸೆಂಬ ನಿಟ್ಟುಸಿರು ಕೇಳಿಸಿತು. ಬಿದಿರು ಬಿಚ್ಚುವ ಸದ್ದೂ ಕೇಳಿಸಿತು. ಆಮೇಲೆ ಊಟದ ತಟ್ಟೆಗಳ ಸದ್ದು.

"ಅಜ್ಜಾ!" ಮೇಷ್ಟ್ರು ಬಾಗಿಲಿಗೆ ತೆವಳಿದರು. "ಈಗ ಸರಿಹೋಯ್ತು. ಎತ್ತಿ, ಹೊರಡೋಣ."

"ಇಳಿಸಿ ಅಂದ್ರಲ್ಲ, ಇಳಿಸಿದ್ವಿ," ಎಂದರು ದಲ್ಲೆ ಅಜ್ಜ, ಆಗಲೇ ಒಂದು ಬಜ್ಜಿ ಬಾಯಿಗೆ ಹಾಕಿಕೊಂಡು. "ನಾಳೆಯಿಂದ ಎಲ್ರಿಗೂ ನಾಟಿ ಕೆಲಸ. ಅದು ಮುಗಿಯೋದ್ರಲ್ಲಿ ಉಪವಾಸದ ತಿಂಗಳು. ಆಮೇಲೆ ಮಳೆ, ಓಣಿ ಕೆಸರು. ಕೊಯ್ಲು ಆಗ್ಲಿ, ನೋಡೋಣ."

ರೊಸ್ತಿನಾ ಅಂಗಳದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ನಗುವುದೋ ಅಳುವುದೋ ಅವಳಿಗೇ ಗೊತ್ತಾಗಲಿಲ್ಲ. "ಹೋಗ್ಲಿ, ಉಸಿರಾದ್ರೂ ಆಡಿ. ಕಿಟಕಿ ತೆಗೀರಿ," ಎಂದಳು.

ಮೇಷ್ಟ್ರು ಕಿಟಕಿ ತೆಗೆದರು. ಆಕಾಶ ಕಾಣಲಿಲ್ಲ. ತೋಳು ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ಇನ್ನೊಂದು ಕಿಟಕಿ ಇತ್ತು. ಅದರೊಳಗೆ ಒಲೆ, ಒಲೆಯ ಮುಂದೆ ಇಂದೋ ಬೆಚ್ಚೆ ಮೀನು ಸಾರು ತಿರುವುತ್ತಿದ್ದರು.

"ಬಂದ್ರಾ?" ಎಂದರು ಅತ್ತೆ, ತಿರುಗಿಯೂ ನೋಡದೆ. "ಒಳ್ಳೇ ಕೆಲಸ ಮಾಡಿದ್ರಿ. ಹಿತ್ತಿಲವರೆಗೆ ನಡೆಯೋಕೆ ನನ್ನ ಮೊಣಕಾಲು ಕೇಳ್ತಿರ್ಲಿಲ್ಲ."

ಮೇಷ್ಟ್ರು ಕಿಟಕಿ ಎಳೆದುಕೊಳ್ಳಲು ಕೈ ಚಾಚಿದರು. ಆಚೆ ಕಿಟಕಿಯಿಂದ ಕೈಗೆ ಸಾರಿನ ಬಿಸಿ ತಟ್ಟೆ ಬಂತು.