ಮೀನಿನ ತೊಟ್ಟಿಗೆ ಹೆಪ್ಪು

ನಮ್ಮ ಮಾವ ಸೋಪನ್ನೂ ತೊಳೆದು ಬಳಸುವ ಮನುಷ್ಯ! ನಗಬೇಡಿ, ನಿಜ. ಬಚ್ಚಲಿಗೆ ಹೋದರೆ ಮೊದಲು ಸೋಪಿಗೆ ಸ್ನಾನ, ಆಮೇಲೆ ಇವರಿಗೆ. ತೆಂಗಿನಕಾಯಿ ಒಡೆಯುವ ಮುಂಚೆ ಕಾಯಿಯನ್ನು ಎಲ್ಲರೂ ತೊಳೆಯುತ್ತಾರೆ; ಇವರು ಒಡೆಯುವ ಕಲ್ಲನ್ನೂ ತೊಳೆಯುತ್ತಾರೆ, ಕಲ್ಲಿಗೆ ನೀರು ಹಾಕಿದ ಚೊಂಬನ್ನೂ ತೊಳೆಯುತ್ತಾರೆ. ಇವರ ಎಮ್ಮೆಗಳು ಮೈ ತೊಳೆಸಿಕೊಂಡೂ ತೊಳೆಸಿಕೊಂಡೂ ಬಣ್ಣ ಬಿಟ್ಟು ಹಸುಗಳಾದವು ಅಂತ ಊರಲ್ಲೊಂದು ಮಾತಿದೆ.

ಈ ಮಾವ ನನ್ನ ಅವ್ವನ ಅಣ್ಣ. ದುದ್ದದ ಹತ್ತಿರ ಹಳ್ಳಿ, ಡೈರಿಗೆ ಹಾಲು ಹಾಕಿ ಬದುಕಿದವರು. ನಾನು ಹಾಸನದಲ್ಲಿ ಡಿಗ್ರಿ ಓದಿದ ಮೂರು ವರ್ಷವೂ ಇವರ ಮನೆಯಲ್ಲೇ ಇದ್ದೆ. ಬೆಳಿಗ್ಗೆ ಇವರ ಮೊಪೆಡ್ಡಿನ ಎರಡೂ ಪಕ್ಕಕ್ಕೆ ಹಾಲಿನ ಕ್ಯಾನು, ಹಿಂದೆ ನಾನು. ಕ್ಯಾನು ಡೈರಿಗೆ, ನಾನು ಬಸ್ಸಿಗೆ. ನಮ್ಮ ವಂಶದ ಮೊದಲ ಡಿಗ್ರಿ ನನ್ನದು. ಬಿ.ಎಸ್ಸಿ., ಅದೂ ರಸಾಯನಶಾಸ್ತ್ರ! ಒಂದು ಪೇಪರನ್ನು ಎರಡು ಸಲ ಬರೆದು ಪಾಸು ಮಾಡಿದ್ದು; ಮುಚ್ಚಿಡುವುದೇನಿದೆ? ಈಗ ಚನ್ನರಾಯಪಟ್ಟಣದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಡಂ. ಬಾಗಿಲ ಪಕ್ಕದ ಬೋರ್ಡಿನಲ್ಲಿ ಹೆಸರಿಗಿಂತ ಡಿಗ್ರಿಯ ಅಕ್ಷರ ಒಂಚೂರು ದೊಡ್ಡದೇ ಇದೆ.

ಹೋದ ವರ್ಷ ಮಾವನಿಗೆ ಹಾಸನದಲ್ಲಿ ಕಣ್ಣಿನ ಪೊರೆ ತೆಗೆಸಿದೆವು. ಡಾಕ್ಟರು, "ತಿಂಗಳು ಮುಖಕ್ಕೆ ನೀರು ಸೋಕಿಸಬಾರದು ಯಜಮಾನ್ರೇ" ಅಂದರು.

"ಒಂದ್ ತಿಂಗ್ಳಾ ಸಾ? ಅಂಗಾರೆ ಕಣ್ಣೇ ಬ್ಯಾಡ ಬುಡಿ. ಪೊರೆ ವಾಪಸ್ ಆಕ್ಬುಡಿ!"

ಹಳ್ಳಿಯಲ್ಲಿ ಬಿಟ್ಟರೆ ನೀರಿನ ಹತ್ತಿರ ಹೋಗದೆ ಇರುವುದುಂಟೇ? ನಾನೇ ನಮ್ಮ ಮನೆಗೆ ಕರೆದುಕೊಂಡು ಬಂದೆ. ನಮ್ಮ ಮನೆಯಲ್ಲಿ ಎಮ್ಮೆ ಇರಲಿಲ್ಲ. ಆದರೆ ಮೀನಿನ ತೊಟ್ಟಿ ಇತ್ತು!

ಆರನೇ ಕ್ಲಾಸಿನ ನನ್ನ ಮಗಳು ವರ್ಷವಿಡೀ ಕಾಡಿಬೇಡಿ ತರಿಸಿಕೊಂಡ ಗಾಜಿನ ತೊಟ್ಟಿ. ಒಳಗೆ ನಾಲ್ಕು ಗೋಲ್ಡ್ ಫಿಶ್ಶು. ಅವುಗಳಲ್ಲಿ ತಲೆಯ ಮೇಲೆ ಕಪ್ಪು ಮಚ್ಚೆಯಿದ್ದ ಒಂದಕ್ಕೆ ಕರಿಟೋಪಿ ಅಂತ ಹೆಸರು. ಅವಳ ಪ್ರಾಣವೇ ಅದು. ಮೂರು ತಿಂಗಳು ನಾಲ್ಕೂ ಚೆನ್ನಾಗಿದ್ದವು. ಮಾವ ಬಂದ ದಿನವೂ ಮಗಳ ಗೆಳತಿಯರೆಲ್ಲ ಬಂದು ನೋಡಿಕೊಂಡು ಹೋದರು. ಮಾವ ಬಂದು ಹತ್ತು ದಿನಕ್ಕೆ ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಒಂದು ಸತ್ತಿತು. ಎರಡು ದಿನಕ್ಕೆ ಇನ್ನೊಂದು. ಮಗಳು ಊಟ ಬಿಟ್ಟಳು.

ಮೀನು ತಂದಿದ್ದು ಹಾಸನದ ಅಂಗಡಿಯಿಂದ. ಅಲ್ಲಿಂದಲೇ ನೀರು ಪರೀಕ್ಷಿಸುವ ಔಷಧಿ ತಂದೆ. ನಳಿಗೆಯಲ್ಲಿ ತೊಟ್ಟಿಯ ನೀರು ಹಿಡಿದು ಔಷಧಿಯ ತೊಟ್ಟು ಬಿಟ್ಟರೆ ಹಳದಿ ಬರಬೇಕು. ಬಂದದ್ದು ಕಡುಹಸಿರು! ಅಮೋನಿಯ ವಿಪರೀತ. ನನಗೋ ಒಳಗೊಳಗೇ ಹುರುಪು. ಅಮೋನಿಯ ಅಂದರೆ ನಮ್ಮದೇ ಇಲಾಖೆಯಲ್ಲವೇ? ಮಗಳ ಮುಂದೆ ಭಾಷಣ ಬಿಗಿದೆ: "ಅಮೋನಿಯ ಅಂದ್ರೆ ಕ್ಷಾರ. ಕ್ಷಾರಕ್ಕೆ ಆಮ್ಲ ಹಾಕಿದ್ರೆ ಮುಗೀತು." ನಿಂಬೆಹಣ್ಣು ಹಿಡಿದುಕೊಂಡೇ ಅಂಗಡಿಯವನಿಗೆ ಫೋನು ಮಾಡಿ ಎಷ್ಟು ಹನಿ ಅಂತ ಕೇಳಿದೆ.

ಆತ ಕೇಳಿದ: "ಮೇಡಂ, ಮೀನು ಸಾಕ್ತೀರೋ, ಸಾರು ಮಾಡ್ತೀರೋ?"

ಡಿಗ್ರಿಗೆ ಅಂದು ಬಿದ್ದ ಪೆಟ್ಟು ಇನ್ನೂ ಆರಿಲ್ಲ. ಆತ ಹೇಳಿದಂತೆ ಒಂದೊಂದಾಗಿ ನೋಡಿದೆ. ತಿಂಡಿ ಜಾಸ್ತಿಯಾಯಿತೇ? ಎರಡು ದಿನ ಉಪವಾಸ ಹಾಕಿದೆ. ಹಸಿರು ಹಾಗೇ ಇತ್ತು. ನಲ್ಲಿ ನೀರಿನದೇ ತಪ್ಪೇ? ಪರೀಕ್ಷಿಸಿದೆ, ಶುದ್ಧ ಹಳದಿ. ದಿನಾ ಕಾಲು ಭಾಗ ನೀರು ಬದಲಾಯಿಸಿದೆ. ಸಂಜೆಗೆ ಇಳಿದದ್ದು ಬೆಳಿಗ್ಗೆಗೆ ಮತ್ತೆ ಏರುತ್ತಿತ್ತು. ಮೂರನೆಯ ಮೀನೂ ಹೋಯಿತು. ಉಳಿದದ್ದು ಕರಿಟೋಪಿ ಒಂದೇ.

"ಫಿಲ್ಟರಿನ ಸ್ಪಂಜು ಹೇಗಿದೆ ಮೇಡಂ?" ಅಂತ ಅಂಗಡಿಯವನು ಕೇಳಿದ. ಅಂದು ಸ್ಕೂಲಿನಿಂದ ಬೇಗ ಬಂದಿದ್ದೆ. ತೆಗೆದು ನೋಡಿದರೆ ಫಿಲ್ಟರಿನಲ್ಲಿ ಸ್ಪಂಜೇ ಇಲ್ಲ! ಮನೆಯೆಲ್ಲ ಹುಡುಕಿದೆ. ಕೊನೆಗೆ ಹಿತ್ತಲಿನಲ್ಲಿ ಸಿಕ್ಕಿತು. ಬಟ್ಟೆ ಒಣಗಿಸುವ ತಂತಿಯ ಮೇಲೆ, ಮಾವನ ಬನಿಯನ್ನಿನ ಪಕ್ಕ, ಕ್ಲಿಪ್ಪು ಹಾಕಿಸಿಕೊಂಡು, ಅಂಗಡಿಯಿಂದ ಬಂದ ದಿನಕ್ಕಿಂತ ಹೊಸದಾಗಿ ತೂಗಾಡುತ್ತಿತ್ತು.

"ಮಾವಾ!"

"ಸೋಪ್ ಆಕಿಲ್ಲ ಕಣವ್ವ, ಅಷ್ಟೂ ಗೊತ್ತಾಗಕಿಲ್ವಾ ನಂಗೆ? ಬರೀ ಕುದಿಯೋ ನೀರು. ಕಲ್ಲುಗಳ್ನೂ ಅದ್ರಲ್ಲೇ ಉಜ್ಜಿವ್ನಿ. ನೀನು ಇಸ್ಕೂಲಿಗೆ ಓದ್ಮ್ಯಾಕೆ, ದಿನಾ."

ದಿನಾ! ಮುಖ ತೊಳೆಯಲಾಗದ ಮನುಷ್ಯ ಮೀನಿನ ಮನೆ ತೊಳೆದು ಸಮಾಧಾನ ಪಟ್ಟುಕೊಂಡಿದ್ದ. ನಾನು ಕೂರಿಸಿಕೊಂಡು ವಿವರಿಸಿದೆ. ಮೀನಿನ ಗಲೀಜಿನಿಂದ ಅಮೋನಿಯ ಹುಟ್ಟುತ್ತದೆ. ಕೊಟ್ಟಿಗೆಯಲ್ಲಿ ಗಂಜಲ ನಿಂತರೆ ಮೂಗಿಗೆ ಗಾಟು ಹೊಡೆಯುತ್ತದಲ್ಲ, ಅದೇ ವಸ್ತು. ಅದನ್ನು ತಿಂದು ಮುಗಿಸುವ ಸೂಕ್ಷ್ಮಜೀವಿಗಳು ಸ್ಪಂಜಿನ ಕೊಳೆಯಲ್ಲೇ ಬೆಳೆಯುತ್ತವೆ. ಒಂಬತ್ತನೇ ಕ್ಲಾಸಿಗೆ ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆದು ಬಾಣದ ಗುರುತು ಹಾಕುತ್ತೇನೆ, ನೈಟ್ರೋಜನ್ ಚಕ್ರ ಅಂತ. ಅದು ನಮ್ಮ ಮನೆಯಲ್ಲೇ ನಿಂತುಹೋದರೂ ನನಗೆ ಹೊಳೆದಿರಲಿಲ್ಲ. ಮಾವನಿಗೆ ಹೊಳೆಯಲು ಅರ್ಧ ನಿಮಿಷ ಸಾಕಾಯಿತು.

"ಅಂದ್ರೆ ನಾನು ದಿನಾ ಎಪ್ಪು ತೊಳ್ದು ಚೆಲ್ಬುಟ್ಟೆ ಅನ್ನು. ಎಪ್ಪಿಲ್ದೆ ಮೊಸ್ರು ಆದದಾ? ಬೇರೆ ಮನೆಯಿಂದ ಈಸ್ಕಂಡು ಬರ್ಬೇಕು."

ಅಂಗಡಿಯವನು ಹೇಳಿದ್ದೂ ಅದೇ: ಹಳೇ ತೊಟ್ಟಿಯ ಕೊಳಕು ಸ್ಪಂಜು ತನ್ನಿ. ಮಾರನೆಯ ದಿನ ಮಾವನ ಕಣ್ಣು ತೋರಿಸಲು ಹಾಸನಕ್ಕೆ ಹೋದಾಗ ಆತ ತನ್ನದೇ ಸ್ಪಂಜೊಂದನ್ನು ಕೊಟ್ಟ. ಒಣಗಬಾರದೆಂದು ಮಾವ ಅದನ್ನು ತೊಟ್ಟಿಯ ನೀರಿನ ಸಮೇತ ಸಣ್ಣ ಹಾಲಿನ ಕ್ಯಾನಿಗೆ ಹಾಕಿ, ಕಪ್ಪು ಕನ್ನಡಕ ಹಾಕಿಕೊಂಡು, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತರು. ಪಕ್ಕದಲ್ಲಿ ಕೂತಿದ್ದವರು ಇಣುಕಿ ನೋಡಿದರು.

"ಏನಜ್ಜ ಅದು?"

"ಎಪ್ಪು."

"ಯಾವ ಎಮ್ಮೇದು, ಈ ಪಾಟಿ ಕರ್ರಗದೆ?"

"ಎಮ್ಮೇದಲ್ಲ ಕಣಪ್ಪ, ಮೀನಿಂದು."

ಚನ್ನರಾಯಪಟ್ಟಣ ಬರುವವರೆಗೂ ಆ ಮನುಷ್ಯ ಮತ್ತೆ ನಮ್ಮ ಕಡೆ ತಿರುಗಲಿಲ್ಲ.

ಸ್ಪಂಜು ಹಾಕಿದ್ದಾಯಿತು. ಇನ್ನು ಮುಟ್ಟದೆ ಕಾಯುವ ಕೆಲಸ. ಮಾವನಿಗೆ ಇದಕ್ಕಿಂತ ಕಠಿಣ ಶಿಕ್ಷೆ ಯಾವ ಕೋರ್ಟು ತಾನೇ ಕೊಟ್ಟೀತು? ಕಣ್ಣೆದುರಿಗೆ ಗಾಜಿಗೆ ಪಾಚಿ ಹಿಡಿಯುತ್ತಿದೆ, ತೊಳೆಯುವಂತಿಲ್ಲ! ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ತೊಟ್ಟಿಯ ಮುಂದೆ ಕೂರುತ್ತಿದ್ದರು. "ಲೇ ಕರಿಟೋಪಿ, ಸಾಯ್ಬ್ಯಾಡ ಕಣ್ಲಾ. ನೀನು ಓದ್ರೆ ನಾನು ಈ ಮಗೀನ ಮುಂದೆ ಯಾವ ಮುಖ ಇಟ್ಕಂಡು ಕೂರ್ಲಿ? ತೊಳ್ದೇ ತಿಂಗ್ಳಾಗದೆ ಈ ಮುಖ."

ಹಸಿರು ನಿಧಾನಕ್ಕೆ ತೆಳುವಾಯಿತು. ಮೂರನೇ ವಾರದ ಭಾನುವಾರ ಮಗಳು ತೊಟ್ಟು ಬಿಟ್ಟಳು, ನಳಿಗೆಯನ್ನು ಅಲ್ಲಾಡಿಸಿದಳು, ಕಾದಳು. ಹಳದಿ! ಕರಿಟೋಪಿ ತಳದಲ್ಲಿ ಕಲ್ಲು ಕೆದಕುತ್ತಾ ಓಡಾಡುತ್ತಿತ್ತು. ಮಗಳು ಕುಣಿದು ಬಂದು ಮಾವನ ಪಕ್ಕ ಕೂತಳು.

"ತಾತ, ನೀವು ಯಾಕೆ ಅಷ್ಟೊಂದು ತೊಳೆದ್ರಿ?"

ಮಾವ ತಡವರಿಸಿದರು. "ನಿನ್ ಸ್ನೇಯಿತ್ರು ಬಂದಿದ್ರಲ್ಲವ್ವ, ನಾನು ಬಂದ ದಿನ. ಒಬ್ಳು ತೊಟ್ಟಿ ತಾವ ಬಂದು ಮೂಗು ಮುಚ್ಕಂಡ್ಲು. ನಿನ್ ಮುಖ ಇಷ್ಟಾಯ್ತು. ಓದೋ ಮಕ್ಳು, ವಾಸ್ನೆ ಅನ್ನಿಸ್ಕಂಡ್ರೆ ಬೋ ನೋವಾಯ್ತದೆ. ನಿಮ್ಮವ್ವನೂ ಅಂಗೇ ಅತ್ತಿದ್ಲು ಒಂದ್ಸಲ."

ನಾನು ಮರೆತೇಬಿಟ್ಟಿದ್ದೆ. ಕಾಲೇಜು ಸೇರಿದ ಮೊದಲ ತಿಂಗಳು. ಬಸ್ಸಿನಲ್ಲಿ ಇಬ್ಬರು ಹುಡುಗಿಯರು ನನ್ನ ಪಕ್ಕದಿಂದ ಎದ್ದು ಹೋಗಿ, ಕೊಟ್ಟಿಗೆ ವಾಸನೆ ಅಂತ ಮೂಗು ಹಿಡಿದಿದ್ದರು. ಸಂಜೆ ಮನೆಗೆ ಬಂದು ಮಾವನ ಮೇಲೆ ಕೂಗಾಡಿದ್ದೆ. ನಿಮ್ಮ ಗಾಡಿ ನಾತ, ನಿಮ್ಮ ಕ್ಯಾನು ನಾತ, ನೀವೂ ನಾತ. ಮಾರನೆಯ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಮೊಪೆಡ್ಡು ಒದ್ದೆಯಾಗಿತ್ತು, ಕ್ಯಾನು ಒದ್ದೆಯಾಗಿತ್ತು, ಮಾವನ ತಲೆಗೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಅದಕ್ಕೂ ಹಿಂದೆ ಮಾವ ಸೋಪು ತೊಳೆದದ್ದು ನನಗೆ ನೆನಪೇ ಇಲ್ಲ.

ಹೋಗಿ ಅವರ ಇನ್ನೊಂದು ಪಕ್ಕ ಕೂತು, ಅವರ ಹೆಗಲ ಮೇಲೆ ತಲೆ ಇಟ್ಟೆ. ಅಂಗಿಯಿಂದ ಸೋಪಿನ ವಾಸನೆ ಬಂತು. ಬರೀ ಸೋಪು.